ಅತ್ತಿಗೆಯ ಮಾತು ಮುಗಿಯುವವರೆಗೆ

"ಎಲ್ಲಾ ಮುಗೀತು ಅಕ್ಕಾ... ಮೇಲ್ಮನವಿ ವಜಾ ಆಯ್ತು!"

ಚಪ್ಪಲಿ ಬಿಡುವುದನ್ನೂ ಮರೆತು ಕಿರಿಸೊಸೆ ಅಡುಗೆಮನೆಯ ಬಾಗಿಲಲ್ಲೇ ಕುಸಿದಳು. ಒಲೆಯ ಮುಂದಿದ್ದ ಹಿರಿಸೊಸೆಯ ಕೈಯಿಂದ ಸೌಟು ಜಾರಿತು. ಗಂಡನನ್ನು ಕಳೆದುಕೊಂಡವಳು ಒಬ್ಬಳು, ಗಂಡನಿದ್ದೂ ಒಂಟಿಯಾದವಳು ಇನ್ನೊಬ್ಬಳು... ಇಬ್ಬರಿಗೂ ಅದೇ ಸೂರು, ಅದೇ ಒಲೆ!

ಅಣ್ಣತಮ್ಮಂದಿರು ಸೇರಿ ನಡೆಸುತ್ತಿದ್ದ ಮರಗೆಲಸದ ಅಂಗಡಿಯಲ್ಲಿ, ಅಟ್ಟದ ಏಣಿಯಿಂದ ಬಿದ್ದು ಅಣ್ಣ ಸತ್ತಿದ್ದ. ಅಂದು ಬೆಳಿಗ್ಗೆಯೇ ಇಬ್ಬರಿಗೂ ಜೋರು ಜಗಳವಾಗಿತ್ತು. "ನಿಮ್ಮ ಮೈದುನನೇ ತಳ್ಳಿದ್ದು, ನಾನೇ ನೋಡಿದೆ" ಎಂದು ಎದುರು ಅಂಗಡಿಯ ಬೀಗ ರಿಪೇರಿಯವನು ಹೆಣದ ಪಕ್ಕ ಕೂತಿದ್ದ ಹಿರಿಸೊಸೆಯ ಕಿವಿಯಲ್ಲಿ ಹೇಳಿ, ವಿಚಾರಣೆಗೆ ಮುಂಚೆಯೇ ಊರು ಬಿಟ್ಟಿದ್ದ. ಆ ಮಾತನ್ನು ಕೋರ್ಟಿನಲ್ಲಿ ಒಪ್ಪಿಸಿದವಳು ಅವಳೇ. "ಬೀಳ್ತಿದ್ದವನನ್ನು ಹಿಡಿಯೋಕೆ ಕೈ ಚಾಚಿದೆ ಸ್ವಾಮಿ" ಎಂದು ಮೈದುನ ಎಷ್ಟು ಗೋಗರೆದರೇನು... ಜೀವಾವಧಿ ಆಯಿತು.

"ವ... ವಕೀಲರು ಏನಂದ್ರು?"

"ಕಂಡವರ ಬಾಯಿಂದ ಕೇಳಿದ್ದು ಸಾಕ್ಷಿ ಆಗಲ್ಲವಂತೆ. ಆದ್ರೆ ನೀವು ಹೇಳ್ತಿದ್ದಾಗಲೇ ನಮ್ಮ ವಕೀಲರು ತಕರಾರು ಎತ್ತಬೇಕಿತ್ತಂತೆ. ಅವತ್ತು ಸುಮ್ಮನಿದ್ದು ಇವತ್ತು ಬಂದ್ರೆ ಹೇಗೆ ಅಂದ್ರಂತೆ ನ್ಯಾಯಾಧೀಶರು. ಇನ್ನು ಬೇರೆ ದಾರಿ ಇಲ್ಲವಂತೆ."

"ಮ... ಮತ್ತೆ ಆ ವಕೀಲ ಯಾಕೆ..."

"ಎದ್ದಿದ್ರು ಅಕ್ಕಾ! ನಮ್ಮನೆಯವರೇ ಸನ್ನೆ ಮಾಡಿ ಕೂರಿಸಿದ್ರಂತೆ. 'ನಡುವೆ ಬಾಯಿ ಹಾಕಿದ್ರೆ ಅತ್ತಿಗೆಗೆ ಮಾತು ಕಟ್ಟಿಹೋಗುತ್ತೆ, ಅಷ್ಟು ಜನರ ಮುಂದೆ ಬೇಡ ಸಾರ್' ಅಂತ!"

ಹಿರಿಸೊಸೆ ಗೋಡೆಗೆ ಒರಗಿದಳು. ಹುಟ್ಟಿನಿಂದ ಬಂದ ಉಗ್ಗು ಅವಳದು. ಹೊಸದಾಗಿ ಈ ಮನೆಗೆ ಬಂದಾಗ, "ನಿನ್ನ ಮಾತು ಮುಗಿಯೋದ್ರೊಳಗೆ ಅನ್ನ ಸೀದುಹೋಗುತ್ತೆ ಕಣೇ" ಎಂದು ಅತ್ತೆ ಹಂಗಿಸುತ್ತಿದ್ದರು. ಆಗ ಚಡ್ಡಿ ಹಾಕಿಕೊಂಡಿದ್ದ ಮೈದುನ ಸೊಂಟಕ್ಕೆ ಕೈಕೊಟ್ಟು ಅಡ್ಡ ನಿಂತಿದ್ದ. "ಸೀದರೆ ಸೀಯಲಿ! ಅತ್ತಿಗೆ ಮಾತಾಡೋವಾಗ ಯಾರೂ ಬಾಯಿ ಹಾಕಬಾರದು!" ಅಂದಿನಿಂದ ಅದೇ ಆ ಮನೆಯ ಕಟ್ಟಳೆ.

ಮರುದಿನ, ಶಿಕ್ಷೆಯಾದ ಮೇಲೆ ಮೊದಲ ಸಲ, ಅವಳು ಜೈಲಿಗೆ ಹೋದಳು. ಜಾಲರಿಯ ಆಚೆ ಮೈದುನ ತಟ್ಟನೆ ಎದ್ದು ನಿಂತ. ಎಷ್ಟು ಸೊರಗಿದ್ದಾನೆ!

"ಊಟ ಆಯ್ತಾ ಅತ್ತಿಗೆ?"

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು... 'ನಾನು ಕಂಡಿರಲಿಲ್ಲಪ್ಪ, ನನ್ನನ್ನು ಕ್ಷಮಿಸು...' ತುಟಿ ನಡುಗಿತು. "ನಾ... ನಾ..." ಎನ್ನುವಷ್ಟರಲ್ಲಿ ಮಾತು ಸಿಕ್ಕಿಕೊಂಡಿತು.

"ನಿಧಾನ ಅತ್ತಿಗೆ. ಅವಸರ ಏನಿದೆ... ನಾನೇನು ಎಲ್ಲಿಗೂ ಹೋಗಲ್ಲ" ಎಂದು ಅವನು ನಕ್ಕ.

"ಹೊತ್ತಾಯ್ತು, ನಡಿ ನಡಿ" ಎಂದು ಕಾವಲಿನವನು ತೋಳು ಹಿಡಿದ.

"ಒಂದು ನಿಮಿಷ ಸಾರ್. ಅತ್ತಿಗೆ ಮಾತಾಡ್ತಿದ್ದಾರೆ."

"ನಾ... ನಾ..."

ಕಾವಲಿನವನು ಎಳೆದ. ಬೆನ್ನು ತೋರಿಸದೆ, ಅತ್ತಿಗೆಯ ತುಟಿಗಳನ್ನೇ ನೋಡುತ್ತಾ, ತಲೆಯಾಡಿಸುತ್ತಾ, ಹಿಂದೆ ಹಿಂದಕ್ಕೆ ಹೆಜ್ಜೆಯಿಡುತ್ತಾ ಹೋದ ಆ ಮೈದುನ... ಬಾಗಿಲು ಮುಚ್ಚಿಕೊಂಡಿತು. ಆಚೆ ಯಾರೂ ಇಲ್ಲದ ಜಾಲರಿಯ ಮುಂದೆ, ಆ ಮಾತು ಆಗಲೂ ಮುಗಿದಿರಲಿಲ್ಲ.