ಜಾಮ್ ಬಾಟಲಿಯ ಗೌರಿ ಹೂವು

"ರಾಣಿಗೆ ಆ ಹೂವು ಕೊಟ್ಟಿದ್ದು ನೀನೇ ತಾನೇ?"

ಲ್ಯಾಬಿನ ಬಾಗಿಲಲ್ಲೇ ಧರ್ಮೇಂದ್ರನನ್ನು ಅಡ್ಡಗಟ್ಟಿ ಸುಧಾ ಕೇಳಿದಳು. ಅವಳ ಕೈಯಲ್ಲಿದ್ದ ಜಾಮ್ ಬಾಟಲಿಯ ನೀರು ತುಳುಕುತ್ತಿತ್ತು.

"ಊಂ... ನಾನೇ ಕೊಟ್ಟೆ. ಆದ್ರೆ ಸುಧಾ..."

"ಸಾಕು ಬುಡು!"

ಮುಂದಿನ ಮಾತು ಕೇಳುವ ತಾಳ್ಮೆ ಅವಳಿಗಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ ಬಿಡಿ!

ಹುಣಸೂರಿನ ಆ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಗೋವಿಂದಯ್ಯ ಮೇಷ್ಟ್ರದು ಒಂದು ವಿಚಿತ್ರ ಕಟ್ಟಳೆ. ಕೊನೆಯ ವರ್ಷದವರು ತಮ್ಮ ಊರ ದಾರಿಬದಿಯಲ್ಲೋ ಹುಲ್ಲುಗಾವಲಲ್ಲೋ ತಾನಾಗಿ ಬೆಳೆದ, ಗುಲಾಬಿ ಬಣ್ಣದ ಪುಟ್ಟ ಹೂವೊಂದನ್ನು ಗಿಡದ ಸಮೇತ ತಂದು ಗುರುತಿಸಬೇಕು. ಇಬ್ಬರು ಒಂದೇ ಹೂವು ತಂದರೋ, ಇಬ್ಬರಿಗೂ ಸೊನ್ನೆ! ಹಾಗಾಗಿ ಆ ದಿನಗಳಲ್ಲಿ ಜೀವದ ಗೆಳತಿಯರೂ ಹೂವಿನ ಮಾತು ಬಂದರೆ ತುಟಿ ಬಿಚ್ಚುತ್ತಿರಲಿಲ್ಲ.

ಸುಧಾ ಮಾತ್ರ ಒಬ್ಬನಿಗೆ ತೋರಿಸಿದ್ದಳು. ಬಿಳಿಕೆರೆಯಲ್ಲಿ ಅವಳ ಅಪ್ಪ ಚಲುವರಾಜುವಿನ ಹೊಲದ ಬೇಲಿಯಲ್ಲಿ ಅರಳಿದ್ದ ಗೌರಿ ಹೂವು. ಅಂದು ಧರ್ಮೇಂದ್ರ ಹೂವಿಗಿಂತ ಅವಳನ್ನೇ ಹೆಚ್ಚು ನೋಡಿದ್ದ.

"ಓದು ಮುಗೀಲಿ ಕಣೇ, ಅಪ್ಪನ್ನ ಕರ್ಕೊಂಡು ನಿಮ್ಮನೆಗೆ ಬತ್ತೀನಿ" ಅಂದಿದ್ದ. ಅವಳು ನಂಬಿದ್ದಳು.

ಈಗ ಸಹಪಾಠಿ ರಾಣಿಯ ಬಾಟಲಿಯಲ್ಲಿ ಅದೇ ಗುಲಾಬಿ ಬಣ್ಣ, ಹೂವಿನ ಹಿಂದೆ ಅದೇ ಪುಟ್ಟ ಬಾಲ!

ಸುಧಾ ತನ್ನ ಗಿಡವನ್ನು ಬಾಟಲಿಯಿಂದ ಕಿತ್ತು ಕಿಟಕಿಯಾಚೆ ಎಸೆದಳು. ಅವನು ಕೂಗುತ್ತಿದ್ದರೂ ತಿರುಗಿ ನೋಡದೆ ಬಸ್ಸು ಹತ್ತಿದಳು.

ಅಂಕ ಹೋದರೆ ಹೋಗಲಿ... ನಾನು ಅವನಿಗೊಬ್ಬನಿಗೇ ತೋರಿಸಿದ್ದನ್ನು ಇನ್ನೊಬ್ಬಳ ಕೈಗಿಟ್ಟನಲ್ಲ! ನಗುನಗುತ್ತಲೇ ಕತ್ತು ಕುಯ್ದನಲ್ಲ!

ಮನೆಗೆ ಬಂದವಳೇ ಅವ್ವ ಸುನಂದಮ್ಮನ ಮುಂದೆ ನಿಂತಳು.

"ಅವ್ವಾ, ಕೆ.ಆರ್. ನಗರದ ಗಂಡಿನ ಕಡೆಯೋರು ಭಾನುವಾರ ಬರ್ಲಿ."

"ಓದು ಮುಗಿಯೋಗಂಟ ಯಾವ ಗಂಡೂ ಬ್ಯಾಡ ಅಂತಿದ್ದೋಳು?"

"ಈಗ ಯಾರಾದ್ರೂ ಆಯ್ತು ಕಣವ್ವಾ."

ಅವ್ವ ಖುಷಿಯಿಂದ ಅಪ್ಪನಿಗೆ ಹೇಳಲು ಓಡಿದಳು. ಸುಧಾ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಮನಸಾರೆ ಅತ್ತಳು.

ಮಾರನೆಯ ದಿನ ಶನಿವಾರ. ಗೋವಿಂದಯ್ಯನವರು ರಾಣಿಯ ಬಾಟಲಿಯನ್ನು ಎತ್ತಿ ಹಿಡಿದರು.

"ಯಾವ ಹೂವಮ್ಮ ಇದು?"

"ಗೌರಿ ಹೂವಿನ ಜಾತೀದೇ ಸಾರ್. ಆದ್ರೆ ಬೇಲಿ ಗೌರಿ ಹೂವಲ್ಲ. ಅದ್ರಲ್ಲಿ ಎಲೆ ಒಂದೊಂದೇ ಬರ್ತವೆ, ಒಂದು ಈ ಕಡೆ, ಒಂದು ಆ ಕಡೆ. ಇದ್ರಲ್ಲಿ ಜೋಡಿ ಜೋಡಿಯಾಗಿ ಎದುರುಬದುರು. ವೀರನಹೊಸಹಳ್ಳಿ ಹತ್ರ, ಜವುಗು ಹುಲ್ಲಲ್ಲಿ ಸಿಕ್ತು."

"ಶಭಾಷ್!"

ಸುಧಾ ಎದ್ದು ನಿಂತು ನೋಡಿದಳು. ಹೌದು... ಜೋಡಿ ಎಲೆ! ವೀರನಹೊಸಹಳ್ಳಿ ಧರ್ಮೇಂದ್ರನ ಊರು.

ಸಸ್ಯಶಾಸ್ತ್ರ ಓದುವವಳು ನೆನ್ನೆ ಹೂವಿನ ಬಣ್ಣ ಕಂಡಿದ್ದಳು, ಎಲೆಯತ್ತ ಕಣ್ಣೇ ಹಾಯಿಸಿರಲಿಲ್ಲ.

"ನಿನ್ನದೆಲ್ಲಮ್ಮ ಸುಧಾ?"

"ಎಸೆದ್ಬುಟ್ಟೆ ಸಾರ್..."

ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವನೊಬ್ಬನೇ ಕೂತಿದ್ದ. ಅವಳು ಹತ್ತಿರ ಹೋದಳು.

"ಅದು ಬೇರೆ ಹೂವು ಅಂತ ನೆನ್ನೆ ಯಾಕೋ ಹೇಳ್ಲಿಲ್ಲ?"

"ಹೇಳಕ್ಕೆ ಎಲ್ಲಿ ಬುಟ್ಟೆ? ರಾಣಿ ತಂದಿಟ್ಟಿದ್ದ ಗಿಡಾನ ಮೇಕೆ ತಿಂದಾಕಿತ್ತು. ಅಳ್ತಾ ಬಂದ್ಲು. ನೆನ್ನೆ ಬೆಳಗ್ಗೆ ಎದ್ದು ಮಂಡಿಗಂಟ ಕೆಸರಲ್ಲಿ ಹುಡುಕ್ದೆ. ನಿನ್ನ ಹೂವಿಗೆ ಅಡ್ಡ ಬರಬಾರ್ದು ಅಂತ ಒಂದೊಂದು ಎಲೇನೂ ನೋಡಿ ಕಿತ್ತೆ ಕಣೇ."

ಸುಧಾಳ ಕಣ್ಣು ತುಂಬಿತು. ಆದರೆ ಹೇಳಬೇಕಾದ್ದು ಇನ್ನೂ ಇತ್ತು.

"ತಪ್ಪಾಯ್ತು ಧರ್ಮ. ಇನ್ನೊಂದು... ನಾಳೆ ನನ್ನ ನೋಡಕ್ಕೆ ಗಂಡಿನ ಕಡೆಯೋರು ಬತ್ತವ್ರೆ. ಬರ್ಲಿ ಅಂದಿದ್ದು ನಾನೇ."

ಅವನ ಮುಖ ಬಿಳಿಚಿಕೊಂಡಿತು.

"ನಾನು ಒಂದು ಹೂವು ಕೊಟ್ಟಿದ್ದಕ್ಕೆ ನೀನು ನನ್ನನ್ನೇ ಕಿತ್ತೆಸೆದ್ಯಲ್ಲ ಸುಧಾ... ಮೋಸ ಮಾಡಿದ್ಯಾರು ಈಗ?"

ನೆನ್ನೆಯಿಂದ ತಾನು ಉರಿದ ಉರಿ ಈಗ ಅವನ ಕಣ್ಣಲ್ಲಿತ್ತು. ಅದನ್ನು ಹಚ್ಚಿದವಳು ತಾನೇ ಎಂಬುದು ಅವಳಿಗೆ ಸಹಿಸಲಾಗಲಿಲ್ಲ.

ಬಿಳಿಕೆರೆ ಮೇಲೆ ಹೋಗುವ ಮೈಸೂರಿನ ಬಸ್ಸು ಬಂದು ನಿಂತಿತು.

"ನಂಜೊತೆ ಈಗ್ಲೇ ಬಾ. ಗಂಡು ಇವನೇ ಅಂತ ಅಪ್ಪನ ಮುಂದೆ ನಾನೇ ಹೇಳ್ತೀನಿ. ಏಟು ಬಿದ್ರೆ ಮೊದ್ಲು ನಂಗೇ ಬೀಳ್ಲಿ."

ಅವನು ಏಳಲಿಲ್ಲ.

ಸುಧಾ ಒಬ್ಬಳೇ ಹತ್ತಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ಕಣ್ಣು ಮುಚ್ಚಿದಳು. ಇಷ್ಟೇ... ಎಲ್ಲ ಮುಗಿಯಿತು...

"ಏ, ಓಡೋ ಬಸ್ಸು ಹತ್ತುತೀಯೇನಯ್ಯಾ! ಎಲ್ಲಿಗೆ?"

"ಬಿಳಿಕೆರೆ. ಎರಡು ಕೊಡಿ."

ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಾ ಕೂತರು. ಅವಳು ಕಣ್ಣು ತೆರೆದಳು.

"ಇನ್ನೂ ಕೋಪ ಹೋಗಿಲ್ಲ ಕಣೇ ನಂಗೆ" ಅಂದ ಧರ್ಮೇಂದ್ರ, ಎದುರಿನ ಸೀಟನ್ನೇ ನೋಡುತ್ತಾ.

"ಗೊತ್ತು. ಊರು ಬರೋಗಂಟ ಬೈಯಿ."

"ಬಿಳಿಕೆರೆ ಹತ್ರಾನೇ ಐತೆ. ಸಾಲಲ್ಲ."

"ಅಂಗಾದ್ರೆ ಜೀವ ಇರೋಗಂಟ ಬೈಯಿ... ಬುಟ್ಟೋಗ್ಬೇಡ, ಅಷ್ಟೇ."