ಆಲುವಕ್ಕೆ ಹೋದ ಕರೆ

"ಯಾಕೆ ಬಂದೆ?"

ಪಟ್ಟಂನ ಪ್ರಯೋಗಾಲಯದ ಗೇಟಿನಲ್ಲಿ ಅದ್ವೈತ್ ಆಡಿದ ಮೊದಲ ಮಾತೇ ಅದು. ಹೇಗಿದ್ದೀಯ ಅಂತಿಲ್ಲ, ಒಂದು ನಗುವಿಲ್ಲ.

ಸಮೀಕ್ಷಾ ಕೊಚ್ಚಿಯಿಂದ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಬಂದಿದ್ದಳು.

"ತಪ್ಪು ನಂದು ಅದ್ವೈತ್... ಅದನ್ನು ಹೇಳ್ಲಿಕ್ಕೇ ಬಂದೆ."

"ಇಷ್ಟು ತಿಂಗಳಾದ್ಮೇಲಾ?"



ಇಬ್ಬರೂ ಒಂದೇ ಕಂಪನಿಯವರು. ಕಾಸರಗೋಡಿನ ಸಮೀಕ್ಷಾ ಕೊಚ್ಚಿಯ ಕಲೂರಿನ ಕಚೇರಿಯಲ್ಲಿ ಕೂತು ಎಲ್ಲ ಶಾಖೆಗಳ ಫೋನ್ ವ್ಯವಸ್ಥೆ ನೋಡಿಕೊಳ್ಳುವವಳು. ಮೈಸೂರಿನ ಅದ್ವೈತ್ ಇದ್ದದ್ದು ಇಲ್ಲಿ, ತಿರುವನಂತಪುರದ ಪಟ್ಟಂನಲ್ಲಿ. ಅವನ ಪ್ರಯೋಗಾಲಯದೊಳಗೆ ಮೊಬೈಲ್ ಬಿಡುವುದಿಲ್ಲ. ಹಾಗಾಗಿ ಅವರ ಪ್ರೀತಿ ಬೆಳೆದದ್ದೆಲ್ಲ ಮೇಜಿನ ಫೋನಿನಲ್ಲೇ, ಊಟದ ಬಿಡುವಿನಲ್ಲಿ.

ತನ್ನ ಮನೆಯಲ್ಲಿ ಗಂಡು ನೋಡತೊಡಗಿದಾಗ ಅವಳೇ ಹೇಳಿದ್ದಳು: "ನಮ್ಮ ಮದುವೆಗೆ ಒಪ್ತಾರಾ ಅಂತ ನಿನ್ನ ಅಮ್ಮನ ಹತ್ರ ಕೇಳಿ ಶುಕ್ರವಾರ ಫೋನ್ ಮಾಡು ಮಾರಾಯ. ಮೆಸೇಜ್ ಬೇಡ. ನಿನ್ನ ಬಾಯಲ್ಲೇ ಕೇಳ್ಬೇಕು ನಂಗೆ."

ಶುಕ್ರವಾರ ಊಟವನ್ನೂ ಬಿಟ್ಟು ಫೋನಿನ ಮುಂದೆ ಕೂತಳು. ಅದು ಬಡಿದುಕೊಳ್ಳಲೇ ಇಲ್ಲ! ಸಂಜೆಗೆ ಸಿಟ್ಟು ನೆತ್ತಿಗೇರಿತು. ಮೊಬೈಲಿನಲ್ಲೂ ಅವನನ್ನು ಬ್ಲಾಕ್ ಮಾಡಿದಳು. ಬಂದ ಗಂಡುಗಳನ್ನೆಲ್ಲ ಬೇಡವೆನ್ನುತ್ತಾ, ಅವನನ್ನು ಬೈಯುತ್ತಾ ದಿನ ಕಳೆದಳು. ಹುಚ್ಚು ಹುಡುಗಿ!

ಮೊನ್ನೆ ಕೊಚ್ಚಿಯ ಹತ್ತಿರದ ಆಲುವದಲ್ಲಿರುವ ಕಂಪನಿಯ ಗೋದಾಮಿಗೆ ಫೋನ್ ಸರಿಪಡಿಸಲು ಹೋದಾಗ, ಅಲ್ಲಿನ ಅಶ್ರಫ್ ಅವಳ ಹೆಸರು ಕೇಳಿ ಮಲಯಾಳದಲ್ಲಿ ಕೂಗಿಯೇಬಿಟ್ಟ.

"ಆ ಸಮೀಕ್ಷಾ ನೀವೇನಾ ಚೇಚಿ? ತಿರುವನಂತಪುರದಿಂದ ಒಬ್ಬ ಇಡೀ ದಿನ ಫೋನ್ ಮಾಡಿ ನಿಮ್ಮನ್ನೇ ಕೇಳ್ತಿದ್ದ. ಅಂಥವರಿಲ್ಲ, ಇನ್ನು ಮಾಡ್ಬೇಡಿ ಅಂತ ಗದರಿಸಿಬಿಟ್ಟೆ!"

ಅವಳು ಕಲೂರಿಗೆ ಮರಳಿ ಪಟ್ಟಂನ ರೂಟರ್ ತೆರೆದು ನೋಡಿದಳು.

ನಂಬರಿನ ಮೊದಲ ಅಂಕಿಗಳನ್ನು ನೋಡಿ ಯಾವ ಕರೆ ಯಾವ ಊರಿಗೆ ಹೋಗಬೇಕೆಂದು ಹೇಳುವ ಮಾದರಿಗಳು, ಕರೆಗಳನ್ನು ಸಾಗಿಸುವ ವಾಯ್ಸ್ ರೂಟರಿನಲ್ಲಿರುತ್ತವೆ. ಆದರೆ ಅದರಲ್ಲಿ ಎಷ್ಟು ಮಾದರಿ ಹಿಡಿಸುತ್ತವೆ ಎಂಬುದಕ್ಕೂ ಒಂದು ಮಿತಿ. ಪಟ್ಟಂನ ಹಳೇ ರೂಟರ್ ತುಂಬಿಹೋಗಿ, ಹೊಸ ಆಲುವ ಶಾಖೆಗೆ ಜಾಗವೇ ಇರಲಿಲ್ಲ. ಆ ಶುಕ್ರವಾರ ಬಂದ ವಾರವೇ ಸಮೀಕ್ಷಾ ಹಲವು ಮಾದರಿಗಳನ್ನು ಸೇರಿಸಿ ಒಂದೇ ಮಾಡಿದ್ದಳು: ನಾಲ್ಕರಿಂದ ಶುರುವಾಗುವ ನಂಬರೆಲ್ಲ ಆಲುವಕ್ಕೆ. ಕಲೂರಿನಲ್ಲಿ ನಾಲ್ಕರಿಂದ ಶುರುವಾಗುತ್ತಿದ್ದದ್ದು ಅವಳ ನಂಬರೊಂದೇ!

"ಎಲ್ಲರ ನಂಬರೂ ಟೆಸ್ಟ್ ಮಾಡಿದ್ದೆ," ಗೇಟಿನಲ್ಲಿ ನಿಂತು ಇದನ್ನೆಲ್ಲ ಹೇಳಿ ಬಿಕ್ಕಿದಳು. "ನಂದೊಂದು ಬಿಟ್ಟು..."

ಅದ್ವೈತ್ ಗೇಟು ದಾಟಿ ಅವಳ ಹತ್ತಿರ ಬಂದ.

"ಅಂಥವರಿಲ್ಲ ಅಂತ ನೀನೇ ಹೇಳಿಸ್ತಿದ್ದೀಯ ಅಂದ್ಕೊಂಡೆ. ರೂಟರಲ್ಲಿ ಜಾಗ ಇರ್ಲಿಲ್ಲ, ಸರಿ. ನಿನ್ನ ಮೊಬೈಲಲ್ಲೂ ಇರ್ಲಿಲ್ವಾ?"

"ಸೊಕ್ಕು... ನಂದೇ ಸೊಕ್ಕು."

"ನಾನೂ ಕಲೂರಿಗೆ ಬಂದು ಕೇಳ್ಬಹುದಿತ್ತು. ಮರ್ಯಾದೆ ಅಡ್ಡ ಬಂತು. ಆಮೇಲೆ ಅಮ್ಮ..."

"ಅಮ್ಮನಿಗೆ ಎಂತ ಆಯ್ತು?"

"ಹೋಗ್ಬಿಟ್ರು, ಓಣಂ ಹೊತ್ತಿಗೆ. ಆ ಹುಡುಗಿ ಯಾಕೋ ಬರ್ಲೇ ಇಲ್ಲ ಅಂತ ಕೊನೇವರೆಗೂ ಕೇಳ್ತಿದ್ರು."

ಸಮೀಕ್ಷಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದಳು. ರೂಟರನ್ನು ನಿನ್ನೆಯೇ ಸರಿಪಡಿಸಿದ್ದಳು. ಇದನ್ನು ಯಾರು ಸರಿಪಡಿಸಿಯಾರು?

ಅವಳ ಅಳು ನೋಡಲಾರದೆ ಅವನೂ ಪಕ್ಕದಲ್ಲಿ ಕೂತ.

"ಅವತ್ತು ಎಂತ ಹೇಳ್ಲಿಕ್ಕೆ ಫೋನ್ ಮಾಡಿದ್ದು? ಈಗಾದ್ರೂ ಹೇಳು ಅದ್ವೈತ್."

ಆ ಶುಕ್ರವಾರ ಫೋನಿನಲ್ಲಿ ಹೇಳಬೇಕಿದ್ದುದನ್ನೇ ಅವನು ಹಾಗೆಯೇ ಹೇಳಿದ.

"ಅಮ್ಮ ಒಪ್ಪಿದ್ದಾರೆ, ಸಮೀಕ್ಷಾ. ಭಾನುವಾರ ಊಟಕ್ಕೆ ಕರ್ಕೊಂಡು ಬಾ ಅಂದಿದ್ದಾರೆ... ಬರ್ತೀಯಾ?"

ಅವಳು ಅವನ ತೋಳಿಗೆ ಮುಖವೊತ್ತಿದಳು.

"ಬರ್ತೇನೆ ಅಂತ ಹೇಳು ಅಮ್ಮನಿಗೆ..."