ಹದಿನೇಳನೇ ಟವರಿನ ಜಾಗ

ಸಂಜೆ ನಾಲ್ಕಕ್ಕೆ ಸಭೆ. ಅಷ್ಟರೊಳಗೆ ಬೆಟ್ಟ ಹತ್ತಿ, ಸರಿಯಾದ ಲೆಕ್ಕ ಹಿಡಿದು ವಾಪಸು ಬರಬೇಕು. ಬರದಿದ್ದರೆ ವಿದ್ಯುತ್ ಮಾರ್ಗದ ಹದಿನೇಳನೇ ಟವರು ಚಾರಣದ ದಾರಿಗೇ ಅಡ್ಡ ನಿಲ್ಲುತ್ತದೆ, ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಇಷ್ಟಕ್ಕೂ ಕಾರಣ ಸಮೀಕ್ಷಕಿಯ ವರದಿಯಲ್ಲಿದ್ದ ಒಂದೇ ಒಂದು ಅಂಕಿ. ತಂತಿ ಎಳೆದರೆ ಬೆಟ್ಟ ಹತ್ತುವವರಿಗೆ ಎಷ್ಟು ತೊಂದರೆ ಎಂದು ಅಳೆಯುವುದು ಆಕೆಯ ಕೆಲಸ. ಅದಕ್ಕೆಂದೇ ದಾರಿಬದಿಯ ಮರಕ್ಕೆ ಎಣಿಕೆ ಯಂತ್ರ ಕಟ್ಟಿದ್ದಳು. ಮುಂದೆ ಯಾರು ಹಾದರೂ ಅದು ಒಂದಂಕಿ ಏರಿಸುತ್ತದೆ. ಮೂರು ತಿಂಗಳಲ್ಲಿ ಅದು ಎಣಿಸಿದ್ದು ಹನ್ನೊಂದು ಜನರನ್ನು.

"ಹನ್ನೊಂದಾ?" ನಿನ್ನೆ ಕಚೇರಿಯಲ್ಲಿ ಬೆಟ್ಟದ ಮಾರ್ಗದರ್ಶಿ ಹಣೆ ಚಚ್ಚಿಕೊಂಡಿದ್ದಳು. "ವಾರಕ್ಕೆ ಅಷ್ಟು ಜನರನ್ನ ನಾನೊಬ್ಬಳೇ ಹತ್ತಿಸ್ತೀನಿ! ನಿಮ್ಮ ಯಂತ್ರ ಏನು, ಗೊರಕೆ ಹೊಡೀತಿತ್ತಾ?"

ಮೂವತ್ತು ವರ್ಷದಿಂದ ಆಕೆಗೆ ಆ ದಾರಿಯೇ ಅನ್ನ. ತಮಾಷೆಯೆಂದರೆ, ಟವರು ನಿಲ್ಲಿಸುವ ಇಂಜಿನಿಯರ್ ಆಕೆಯ ಅಕ್ಕನ ಮಗ. ಉದ್ದಕ್ಕೆ ಬೆಳೆದ ಅವನನ್ನು ಚಿಕ್ಕಮ್ಮ ಗೂಟ ಎಂದೇ ಕರೆಯುವುದು. "ಲೆಕ್ಕ ತಪ್ಪು ಅಂತ ತೋರಿಸು ಚಿಕ್ಕಮ್ಮ, ಟವರು ಸರಿಸೋಣ," ಎಂದವನೂ ಅವನೇ. ಬೆಳಿಗ್ಗೆ ಆರಕ್ಕೆ ಮೂವರೂ ಹೊರಟರು.

ಎಂಟಕ್ಕೆ ಯಂತ್ರದ ಹತ್ತಿರ ಬಂದರು. ಅಲ್ಲಿ ದೊಡ್ಡದೊಂದು ಮರ ದಾರಿಗಡ್ಡ ವಾಲಿಕೊಂಡಿತ್ತು. ಚಿಕ್ಕಮ್ಮ ನಡು ಬಗ್ಗಿಸಿ ಅದರಡಿ ನುಸುಳಿದಳು. ಗೂಟನೂ ನುಸುಳಿದ. ಯಂತ್ರದ ಅಂಕಿ ಕದಲಲಿಲ್ಲ.

ಸಮೀಕ್ಷಕಿಯ ಮುಖ ಕಪ್ಪಿಟ್ಟಿತು. "ಎದೆಮಟ್ಟಕ್ಕೆ ಕಟ್ಟಬೇಕು ಅಂತ ಯಂತ್ರದ ಕೈಪಿಡೀಲಿತ್ತು. ಹಾಗೇ ಕಟ್ಟಿದೆ. ಜನ ಇಲ್ಲಿ ಬಗ್ಗಿ ಹೋಗ್ತಾರೆ ಅಂತ ಹೊಳೀಲೇ ಇಲ್ಲ."

"ಹಾಗಾದ್ರೆ ಆ ಹನ್ನೊಂದು ಜನ ಯಾರು?" ಎಂದ ಗೂಟ.

"ಈ ಮರದ ಮೇಲೆ ಓಡಾಡೋ ಕೋತಿಗಳು ಕಣೋ, ಇನ್ಯಾರು!" ಚಿಕ್ಕಮ್ಮ ನಕ್ಕಳು. ಸಮೀಕ್ಷಕಿಗೆ ನಗು ಬರಲಿಲ್ಲ. ಕೋತಿಗಳ ಲೆಕ್ಕಕ್ಕೆ ಆಕೆ ಸಹಿ ಹಾಕಿ ಕೊಟ್ಟಾಗಿತ್ತು.

"ಕೊರಗಬೇಡಿ," ಎಂದಳು ಚಿಕ್ಕಮ್ಮ. "ತುದೀಲಿ ಒಂದು ತಗಡಿನ ಡಬ್ಬಿ ಇದೆ, ಅದರಲ್ಲಿ ಪುಸ್ತಕ. ಹತ್ತಿದವರೆಲ್ಲ ಹೆಸರು, ತಾರೀಕು ಬರೀತಾರೆ. ನಡೀರಿ."

ಕಾಡು ಹಿಂದೆ ಸರಿದು ಬೋಳು ಬಂಡೆಗಳು ಎದುರಾದವು. ಕೆಳಗೆ ಕಣಿವೆಯ ಉದ್ದಕ್ಕೂ ಹೊಳೆ ಬಿಸಿಲಿಗೆ ಮಿನುಗುತ್ತಿತ್ತು; ಅದರಾಚೆ ಹದಿನಾರು ಟವರುಗಳು ಒಂದರ ಹಿಂದೊಂದು ನಿಂತಿದ್ದವು. ಗಾಳಿ ಬೀಸಿದರೆ ಮೈಯೆಲ್ಲ ತಂಪು. ಇಷ್ಟು ಚೆಂದದ ಜಾಗಕ್ಕೆ ಯಾರೂ ಬರುವುದಿಲ್ಲ ಎಂದು ಹೇಗೆ ನಂಬಿದೆನೋ ಎಂದು ಸಮೀಕ್ಷಕಿ ತನ್ನನ್ನೇ ಬೈದುಕೊಂಡಳು.

ತಿರುವಿನಲ್ಲಿ ದಾರಿಯೇ ಇರಲಿಲ್ಲ.

ಟವರಿನ ಸಾಮಾನು ಸಾಗಿಸುವ ಲಾರಿಗಳಿಗೆಂದು ಗೂಟನ ಕಂಪನಿ ಹೋದ ತಿಂಗಳು ಬೆಟ್ಟದ ಪಕ್ಕೆಯನ್ನು ಕಡಿದಿತ್ತು. ಇಪ್ಪತ್ತು ಮೀಟರ್ ಉದ್ದಕ್ಕೆ ಬರೀ ಸಡಿಲ ಜಲ್ಲಿ. ಕೆಳಗೆ ಪ್ರಪಾತ.

"ನಕ್ಷೆಯಲ್ಲಿ ಇಲ್ಲಿ ಕಾಲುದಾರಿ ತೋರಿಸಿರಲಿಲ್ಲ," ಎಂದ ಗೂಟ, ಮೆಲ್ಲಗೆ.

"ಬಂದು ನೋಡಿದ್ಯಾ? ಬಾಯಿ ಮುಚ್ಚಿ ಹಗ್ಗ ಕಟ್ಕೋ."

ಚಿಕ್ಕಮ್ಮ ಮೊದಲು ದಾಟಿದಳು. ಬಂಡೆಗೆ ಹಗ್ಗ ಬಿಗಿದಳು. ಸಮೀಕ್ಷಕಿ ಒಂದೊಂದೇ ಹೆಜ್ಜೆ ಊರಿ ದಾಟಿದಳು. ಗೂಟ ನಡುವಿಗೆ ಬಂದ.

ಜಲ್ಲಿ ಜಾರಿತು.

"ಚಿಕ್ಕಮ್ಮಾ!"

ಹಗ್ಗ ಥಟ್ಟನೆ ಬಿಗಿಯಿತು. ಅವನು ಅಂಚಿನಲ್ಲಿ ತೂಗಾಡಿದ.

"ಕೆಳಗೆ ನೋಡಬೇಡ! ಬಲಗಾಲು ಎತ್ತು! ಬೇರು ಹಿಡಿ!"

ಹಿಡಿದ. ಇಬ್ಬರೂ ಹಲ್ಲು ಕಚ್ಚಿ ಎಳೆದರು. ಮೇಲೆ ಬಂದಾಗ ಅವನ ಎರಡೂ ಅಂಗೈಯ ಚರ್ಮ ಸುಲಿದಿತ್ತು. ಚಿಕ್ಕಮ್ಮ ಬೈಯುತ್ತಲೇ ಬಟ್ಟೆ ಸುತ್ತಿದಳು.

ಹನ್ನೆರಡಕ್ಕೆ ತುದಿ ಮುಟ್ಟಿದರು. ಗೂಟ ಪುಸ್ತಕವನ್ನು ಚೀಲಕ್ಕೆ ಹಾಕಹೋದ. ಚಿಕ್ಕಮ್ಮ ಅವನ ತೋಳಿಗೊಂದು ಏಟು ಕೊಟ್ಟಳು. "ತುಂಬೋವರೆಗೂ ಅದು ಕೆಳಗಿಳಿಯಲ್ಲ. ಇದು ಹತ್ತೋರೆಲ್ಲ ಒಪ್ಪಿಕೊಂಡ ಮಾತು." ಮಳೆ ಹನಿಯತೊಡಗಿತು. ಗೂಟ ಕೋಟು ಬಿಚ್ಚಿ ಮೇಲೆ ಹಿಡಿದ, ಚಿಕ್ಕಮ್ಮ ಹಾಳೆ ತಿರುವಿದಳು, ಸಮೀಕ್ಷಕಿ ತಿಂಗಳುವಾರು ಹೆಸರು ಎಣಿಸುತ್ತ ಒಂದನ್ನೂ ಬಿಡದೆ ಫೋಟೊ ತೆಗೆದಳು. ಮತ್ತೆ ಅದೇ ಜಲ್ಲಿ, ಅದೇ ಹಗ್ಗ. ಮೈಯೆಲ್ಲ ಕೆಸರು ಮೆತ್ತಿಕೊಂಡು ಸಭೆಯ ಬಾಗಿಲು ತಳ್ಳಿದಾಗ ನಾಲ್ಕಕ್ಕೆ ಐದು ನಿಮಿಷ ಬಾಕಿ.

"ಈ ಹನ್ನೊಂದಕ್ಕೆ ಸಹಿ ಹಾಕಿದ್ದು ನೀವೇ ಅಲ್ವಾ?" ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು.

"ನಾನೇ. ತಪ್ಪೂ ನಂದೇ," ಎಂದಳು ಸಮೀಕ್ಷಕಿ. ನಾಚಿಕೆಯಾಯಿತು, ಆದರೆ ದನಿ ಕುಗ್ಗಲಿಲ್ಲ. "ಬೆಟ್ಟದ ತುದಿಯ ಪುಸ್ತಕದ ಪ್ರಕಾರ ಮೊದಲ ತಿಂಗಳು ನಾನೂರ ಹನ್ನೆರಡು ಜನ ಹತ್ತಿದ್ದಾರೆ. ಎರಡನೇ ತಿಂಗಳು ಮುನ್ನೂರ ಎಂಬತ್ತೆಂಟು. ಮೂರನೇ ತಿಂಗಳು, ಬೆಟ್ಟ ಕಡಿದ ಮೇಲೆ, ಬರೀ ಐವತ್ತೇಳು."

ಗೂಟ ಎದ್ದು ನಿಂತ. "ಆ ಐವತ್ತೇಳು ಜನ ಹೇಗೆ ದಾಟಿದ್ರು ಅಂತ ಇವತ್ತು ಗೊತ್ತಾಯ್ತು, ಸಾರ್. ಟವರನ್ನ ಮುನ್ನೂರು ಮೀಟರ್ ಹಿಂದಕ್ಕೆ ಹಾಕ್ತೀವಿ. ಕಡಿದ ದಾರಿಯನ್ನೂ ನಾವೇ ಕಟ್ಟಿಕೊಡ್ತೀವಿ."

ಅಧ್ಯಕ್ಷರು ನಕ್ಷೆಯ ಮೇಲಿನ ಹಳೆಯ ಗುರುತನ್ನು ಹೊಡೆದುಹಾಕಿ ಸಹಿ ಮಾಡಿದರು.

ಬೆಳಗಿನಿಂದ ಬಾಯಿ ಮುಚ್ಚದ ಚಿಕ್ಕಮ್ಮ, ಹೊರಗೆ ಬಂದವಳೇ ಗೂಟನ ಬಟ್ಟೆ ಸುತ್ತಿದ ಕೈಗಳನ್ನು ಹಿಡಿದು ಗಳಗಳನೆ ಅತ್ತುಬಿಟ್ಟಳು.

"ಅಯ್ಯೋ, ಗೆದ್ವಲ್ಲ ಚಿಕ್ಕಮ್ಮ, ಅಳ್ತೀಯಾ ಯಾಕೆ?"

"ಸುಮ್ನಿರೋ," ಅವಳು ಮೂಗು ಒರೆಸಿಕೊಂಡಳು. "ನಾಳೆ ಬೆಟ್ಟ ಹತ್ತೋಕೆ ಎಂಟು ಜನ ಬರ್ತಾರೆ. ದಾರಿ ಕಟ್ಟೋವರೆಗೂ ಅವರನ್ನ ನೀನೇ ದಾಟಿಸಬೇಕು."